ಆಯಿಯ ಸೀರೆಯಿಂದ ಅಳೆದ ಪಿಚ್ಚು

ಮಾನ್ಯ ಓದುಗರಲ್ಲಿ ವಿನಯಪೂರ್ವಕ ಅರಿಕೆ. ನನ್ನ ಅಕ್ಷರ ದುಂಡಗಿಲ್ಲ. ಕಾಗುಣಿತದ ಮೇಲೆ ನನಗೆ ಪೂರ್ತಿ ಭರವಸೆಯೂ ಇಲ್ಲ. ಕಚೇರಿಯಲ್ಲಿ ಹದಿನೈದು ವರ್ಷಗಳಿಂದ ಪತ್ರಗಳನ್ನು ಸಿದ್ಧಪಡಿಸುತ್ತ ಬಂದಿದ್ದರೂ ನನ್ನದೇ ಎನ್ನಬಹುದಾದ ವಿಷಯವನ್ನು ಇದುವರೆಗೆ ಅರ್ಧ ಪುಟವೂ ಬರೆದವಳಲ್ಲ. ಆದ್ದರಿಂದ ಪತ್ರ ಬರೆಯುವ ರೀತಿಯಲ್ಲಿಯೇ ಇದನ್ನೂ ಬರೆಯುತ್ತಿದ್ದೇನೆ. ಬೇರೆ ರೀತಿ ನನಗೆ ತಿಳಿಯದು. ಕಂಡುಬರುವ ದೋಷಗಳನ್ನು ಸದ್ಯಕ್ಕೆ ಮನ್ನಿಸಿ ಮುಂದೆ ಓದಬೇಕಾಗಿ ಕೋರುತ್ತೇನೆ.

ವಿಷಯ: ಟಿಳಕವಾಡಿಯ ನಮ್ಮ ಹಳೆಯ ಮನೆಯ ಅಂಗಳದಲ್ಲಿ ಚೆಂಡನ್ನು ಒಂದೇ ಜಾಗಕ್ಕೆ ಬೀಳಿಸಲು ಕಲಿತ ಬಗ್ಗೆ.

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಸುವುದೇನೆಂದರೆ, ಕಳೆದ ಭಾನುವಾರ ಶಿವಬಸವ ನಗರದ ನನ್ನ ಮನೆಯಲ್ಲಿ ಕಬ್ಬಿಣದ ಟ್ರಂಕೊಂದನ್ನು ತೆರೆದೆ. ನುಸಿ ಹಿಡಿಯದಿರಲೆಂದು ಇಟ್ಟ ಡಾಂಬರು ಗುಳಿಗೆಯ ವಾಸನೆ ಮೊದಲು ಬಂತು. ಅದರ ಕೆಳಗಿನಿಂದ, ತಡವಾಗಿ, ಹಳೆಯ ಹತ್ತಿಯ ಮತ್ತು ಎಂದೋ ಒಣಗಿದ ಸಗಣಿ ಸಾರಣೆಯ ವಾಸನೆ ಬಂತು. ಮಡಿಕೆಯಾಗಿ ಕುಳಿತಿದ್ದುದು ನನ್ನ ಅಜ್ಜಿಯ ಇಳಕಲ್ ಸೀರೆ. ಅಜ್ಜಿಯನ್ನು ನಾವು ಆಯಿ ಎಂದು ಕರೆಯುತ್ತಿದ್ದೆವು. ಬಿಚ್ಚುತ್ತ ಹೋದಂತೆ ಅಂಚಿನಲ್ಲಿ ಬಿಳಿ ದಾರದ ಒಂದೇ ಒಂದು ಹೊಲಿಗೆ ಸಿಕ್ಕಿತು. ಬೇರೆ ಯಾರಿಗಾದರೂ ಅದು ಹರಿದ ಜಾಗವನ್ನು ಹಿಡಿದಿಟ್ಟ ಹೊಲಿಗೆಯಂತೆ ಕಂಡೀತು. ನನಗೆ ಮಾತ್ರ ಅದು ನಾಲ್ಕನೆಯ ಗಜದ ಗುರುತೆಂದು ಗೊತ್ತಿತ್ತು. ಆ ದಾರವನ್ನು ಬೆರಳಿನಿಂದ ಸವರುತ್ತ ಟ್ರಂಕಿನ ಮುಂದೆ ಕುಳಿತವಳಿಗೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ಗಮನಕ್ಕೆ ಬರಲಿಲ್ಲ.

ನಮ್ಮ ಮನೆ ಒಂದು ಗಲ್ಲಿಯ ಕೊನೆಯಲ್ಲಿತ್ತು. ಗಲ್ಲಿ ನೇರವಾಗಿ ಬಂದು ನಮ್ಮ ಗೇಟಿಗೇ ಮುಗಿಯುತ್ತಿತ್ತು. ಗೇಟಿನ ಒಳಗೆ, ಮನೆಯ ಬದಿಗೆ, ಹಿತ್ತಲಿನ ಒಗೆಯುವ ಕಲ್ಲಿನವರೆಗೆ ಉದ್ದನೆಯ ಕೆಂಪು ಮಣ್ಣಿನ ಅಂಗಳ. ತಂದೆ-ತಾಯಿ ಇಬ್ಬರೂ ಬೆಳಿಗ್ಗೆಯೇ ಕೆಲಸಕ್ಕೆ ಹೊರಡುತ್ತಿದ್ದುದರಿಂದ ಮನೆಯ ಆಡಳಿತ ಅಜ್ಜನವರ ಕೈಯಲ್ಲಿತ್ತು. ಅವರು ಹೆಡ್ ಕ್ಲಾರ್ಕ್ ಆಗಿ ನಿವೃತ್ತರಾಗಿದ್ದರು. ಆದರೆ ನಿವೃತ್ತಿಯ ಸುದ್ದಿ ಅವರ ಪೆನ್ನಿಗೆ ತಲುಪಿರಲಿಲ್ಲ. ನಮ್ಮ ಮನೆಯಲ್ಲಿ ಏನನ್ನು ಕೇಳುವುದಿದ್ದರೂ ಅರ್ಜಿ ಬರೆದು ಕೊಡಬೇಕಾಗಿತ್ತು. ಹೊಸ ಚಪ್ಪಲಿಗೆ ಅರ್ಜಿ, ಗೆಳತಿಯ ಮನೆಗೆ ಹೋಗಲು ಅರ್ಜಿ, ಜ್ವರ ಬಂದು ಎರಡು ದಿನ ಹಾಲು ಕುಡಿಯದಿದ್ದರೆ ಅದಕ್ಕೂ ವಿವರಣೆ. ಅಜ್ಜ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಕೆಂಪು ಶಾಯಿಯ ಪೆನ್ನು ತೆಗೆದು, ಮೊದಲು ತಪ್ಪುಗಳನ್ನು ತಿದ್ದಿ, ಆನಂತರವೇ ಆದೇಶ ಬರೆಯುತ್ತಿದ್ದರು. ಮಂಜೂರಾದ ಅರ್ಜಿಯಲ್ಲಿಯೂ ನಾಲ್ಕಾರು ಕೆಂಪು ಗೆರೆಗಳು ಇದ್ದೇ ಇರುತ್ತಿದ್ದವು. ಆಯಿಯೊಬ್ಬಳೇ ಅರ್ಜಿ ಕೊಡುತ್ತಿರಲಿಲ್ಲ. ಅವಳದು ಮೌಖಿಕ ಆದೇಶ. ಅದರ ಮೇಲೆ ಅಜ್ಜನೂ ಟಿಪ್ಪಣಿ ಬರೆಯುತ್ತಿರಲಿಲ್ಲ.

ನನಗಾಗ ಹದಿಮೂರು ವರ್ಷ. ನಮ್ಮ ಶಾಲೆಯಲ್ಲಿ ಹುಡುಗಿಯರ ಕ್ರಿಕೆಟ್ ತಂಡ ಎಂಬುದು ಆ ವರ್ಷವಷ್ಟೇ ಹುಟ್ಟಿತ್ತು. ನಾನು ಬೌಲರ್ ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನಿಸಿಕೊಂಡಿದ್ದೆ. ನನ್ನ ತೋಳಿನಲ್ಲಿ ಬಲವಿತ್ತು, ಚೆಂಡಿನಲ್ಲಿ ವೇಗವಿತ್ತು. ಅದು ಎಲ್ಲಿ ಹೋಗಿ ಬೀಳುತ್ತದೆ ಎಂಬುದು ಮಾತ್ರ ನನಗೂ ಚೆಂಡಿಗೂ ಒಟ್ಟಿಗೇ ತಿಳಿಯುತ್ತಿತ್ತು. ಒಂದು ಚೆಂಡು ಸ್ಟಂಪಿನ ಬದಿಗೆ ಹೋದರೆ ಮುಂದಿನದು ಅಡುಗೆಮನೆಯ ಕಿಟಕಿಗೆ. ದಿನವೂ ಸೈಕಲ್ ಮೇಲೆ ಪಾವ್ ತರುತ್ತಿದ್ದ ಚಾಚಾ ಗಲ್ಲಿಯ ತುದಿಯಲ್ಲಿಯೇ ನಿಂತು ಕೂಗುತ್ತಿದ್ದರು: "ಬೇಟಿ, ನಿನ್ನ ಓವರ್ ಮುಗೀತೇನು? ಮುಗದಿದ್ರ ಹೇಳು, ಒಳಗ ಬರ್ತೀನಿ. ನನಗ ಇರೂದು ಒಂದ ತಲಿ!"

ನನ್ನ ಕಾಕಾ, ಅಂದರೆ ತಂದೆಯವರ ತಮ್ಮ, ಆ ಅಂಗಳದಲ್ಲಿ ತಮ್ಮ ಸ್ಕೂಟರ್ ನಿಲ್ಲಿಸುತ್ತಿದ್ದರು. ಅದರ ಕನ್ನಡಿ ಎರಡನೆಯ ಸಲ ಒಡೆದ ದಿನ ಅವರು ಅಜ್ಜನ ಮುಂದೆ ಹೋಗಿ ನಿಂತರು.

"ಅಪ್ಪಾ, ಇಕೀದು ಬೌಲಿಂಗ್ ಅಲ್ಲ, ಕಲ್ಲು ತೂರೂದು. ಅಂಗಳಕ್ಕ ಪೂರಾ ಫರ್ಸಿ ಹಾಕಿಸಿ ಬಿಡೂಣು. ಮಳಿಗಾಲದಾಗ ರಾಡಿನೂ ಆಗಂಗಿಲ್ಲ, ನನ್ನ ಗಾಡಿನೂ ಉಳಿತೈತಿ."

"ಬರದು ಕೊಡು," ಎಂದರು ಅಜ್ಜ.

ಕಾಕಾ ಬರೆದುಕೊಟ್ಟರು. ನಾನೂ ಅಳುತ್ತಲೇ ಪ್ರತಿ-ಅರ್ಜಿ ಬರೆದೆ. ಫರ್ಸಿಯ, ಅಂದರೆ ಕಲ್ಲುಚಪ್ಪಡಿಯ, ಮೇಲೆ ಚೆಂಡು ಜಾರುತ್ತದೆ, ಓಡಿದರೆ ಕಾಲು ಜಾರುತ್ತದೆ, ಅಭ್ಯಾಸಕ್ಕೆ ನನಗೆ ಬೇರೆ ಜಾಗವಿಲ್ಲ, ಆದ್ದರಿಂದ ಸದರಿ ಅಂಗಳವನ್ನು ಮಣ್ಣಿನದಾಗಿಯೇ ಉಳಿಸಬೇಕು. ಆಯಿ ಎರಡೂ ಅರ್ಜಿಗಳನ್ನು ಬದಿಗೆ ಸರಿಸಿ ತನ್ನ ಮಾತನ್ನು ನಡುವೆ ಇಟ್ಟಳು: "ಫರ್ಸಿ ಮ್ಯಾಲೆ ಸಾರ್ಸಾಕ ಬರಂಗಿಲ್ರೀ, ರಂಗೋಲಿ ನಿಲ್ಲಂಗಿಲ್ಲ. ಮನಿ ಮುಂದ ನಾ ಏನು, ಬರೇ ಪರಕಿ ಹಿಡಕೊಂಡು ನಿಂದರ್ಲ್ಯಾ?" ಅಜ್ಜ ಒಂದು ರಾತ್ರಿ ಸಮಯ ತೆಗೆದುಕೊಂಡು ಬೆಳಿಗ್ಗೆ ಆದೇಶ ಹೊರಡಿಸಿದರು. ಜಿಲ್ಲೆಯ ಶಾಲಾ ಬಾಲಕಿಯರ ತಂಡಕ್ಕೆ ಖಾನಾಪುರದಲ್ಲಿ ಆಯ್ಕೆ ನಡೆಯಲು ಇನ್ನು ಎರಡು ತಿಂಗಳಿತ್ತು. ಆ ಆಯ್ಕೆಯಲ್ಲಿ ಅರ್ಜಿದಾರಳ ಹೆಸರು ಬಂದಲ್ಲಿ ಅಂಗಳವು ಮಣ್ಣಿನದಾಗಿಯೇ ಉಳಿಯತಕ್ಕದ್ದು. ಬಾರದಿದ್ದಲ್ಲಿ ಮರುವಾರವೇ ಫರ್ಸಿ ಹಾಕಿಸತಕ್ಕದ್ದು. ಕೆಳಗೆ ಸಹಿ. ನನ್ನ ಅರ್ಜಿಯಲ್ಲಿ ಏಳು ತಪ್ಪುಗಳಿದ್ದವು, ಕಾಕಾನದರಲ್ಲಿ ಒಂಬತ್ತು. ಅಷ್ಟರಮಟ್ಟಿಗೆ ನನಗೆ ಸಮಾಧಾನವಾಯಿತು.

ಮೊದಲು ಪಿಚ್ಚನ್ನು ಅಳೆಯಬೇಕಾಗಿತ್ತು. ಇಪ್ಪತ್ತೆರಡು ಗಜ ಎಂದು ಪುಸ್ತಕದಲ್ಲಿತ್ತು. ಮನೆಯಲ್ಲಿ ಉದ್ದನೆಯ ಟೇಪು ಇರಲಿಲ್ಲ. ಆಯಿಯ ಸೀರೆ ಒಂಬತ್ತು ಗಜದ್ದು ಎಂಬುದು ಅಜ್ಜನಿಗೆ ನೆನಪಾಯಿತು. ನೆನಪಾದದ್ದಷ್ಟೇ ಅಲ್ಲ, ಆ ಸೀರೆ ಕೊಂಡಾಗಿನ ಅಂಗಡಿಯ ಪಾವತಿ ರಸೀದಿಯೂ ಅವರ ಕಡತದಲ್ಲಿ ಸಿಕ್ಕಿತು. ಅದರಲ್ಲಿ ಸ್ಪಷ್ಟವಾಗಿ 'ಒಂಬತ್ತು ಗಜ' ಎಂದು ಬರೆದಿತ್ತು. ಬರಹದಲ್ಲಿದ್ದ ಮೇಲೆ ಮುಗಿಯಿತು. ಗೇಟಿನ ಹೊಸ್ತಿಲಿನಿಂದ ಸೀರೆಯನ್ನು ಎರಡು ಸಲ ಉದ್ದಕ್ಕೆ ಹಾಸಿದರೆ ಹದಿನೆಂಟಾಯಿತು. ಉಳಿದ ನಾಲ್ಕು ಗಜಕ್ಕಾಗಿ ಅಜ್ಜ ಸೀರೆಯನ್ನು ಒಂಬತ್ತು ಸಮಪಾಲಾಗಿ ಮಡಿಚಿದರು. ನಾಲ್ಕನೆಯ ಮಡಿಕೆಯ ಮೇಲೆ ಆಯಿ ಬಿಳಿ ದಾರದಿಂದ ಒಂದು ಹೊಲಿಗೆ ಹಾಕಿದಳು. ಆ ಹೊಲಿಗೆ ಮುಟ್ಟಿದ ಜಾಗದಲ್ಲಿ, ಒಗೆಯುವ ಕಲ್ಲಿಗೆ ಎರಡು ಗೇಣು ಮುಂದೆ, ಸ್ಟಂಪುಗಳನ್ನು ನೆಡಲಾಯಿತು. ಎಲ್ಲವೂ ಕ್ರಮಬದ್ಧವಾಗಿ ನಡೆಯಿತೆಂದು ಅಜ್ಜ ಎರಡೂ ಕೈ ಝಾಡಿಸಿಕೊಂಡರು.

ಆ ಎರಡು ತಿಂಗಳ ಬೆಳಗುಗಳನ್ನು ನೆನೆಯುವಾಗ ನನಗೆ ಈಗಲೂ ಹಿಮ್ಮಡಿಯಲ್ಲಿ ತಂಪು ಹತ್ತುತ್ತದೆ. ಆಯಿ ಹೊತ್ತು ಮೂಡುವ ಮುನ್ನವೇ ಎದ್ದು ಗೇಟಿನ ಹೊರಗೂ ಒಳಗೂ ಸಗಣಿ ನೀರಿನಿಂದ ಸಾರಿಸುತ್ತಿದ್ದಳು. ನೆಲ ಅರ್ಧ ಆರಿದಾಗ ಸ್ಟಂಪಿನಿಂದ ಐದು ಹೆಜ್ಜೆ ಈಚೆಗೆ ರಂಗೋಲಿಯಿಂದ ಊಟದ ತಾಟಿನಷ್ಟು ಅಗಲದ ಒಂದು ಸುತ್ತು ಬರೆಯುತ್ತಿದ್ದಳು. ಹಸಿ ಸಾರಣೆಯ ಮೇಲೆ ಚೆಂಡು ಬಿದ್ದರೆ ಬೊಟ್ಟಿಟ್ಟಂತೆ ಗುರುತು ಉಳಿಯುತ್ತಿತ್ತು. ಸುಳ್ಳು ಹೇಳಲು ಆಸ್ಪದವೇ ಇರಲಿಲ್ಲ. ಅಜ್ಜ ಕಟ್ಟೆಯ ಮೇಲೆ ಕುಳಿತು, ಕಚೇರಿಯಲ್ಲಿ ಬಂದ ಪತ್ರ ಹೋದ ಪತ್ರ ಬರೆಯುತ್ತಿದ್ದ ಹಾಗೆ, ಒಂದು ಆವಕ-ಜಾವಕ ಪುಸ್ತಕ ತೆರೆದಿದ್ದರು. ಸುತ್ತಿನ ಒಳಗೆ ಬಿದ್ದದ್ದು ಆವಕ, ಹೊರಗೆ ಹೋದದ್ದು ಜಾವಕ. ಮೊದಲ ವಾರ ಜಾವಕದ ಪುಟಗಳು ತುಂಬಿ ಆವಕದ ಪುಟದಲ್ಲಿ ಎರಡೇ ಗೆರೆಗಳಿದ್ದವು. ಆ ಎರಡರಲ್ಲಿ ಒಂದು ಕೈಜಾರಿ ಬಿದ್ದದ್ದೆಂದು ಅಜ್ಜ ಷರಾ ಬರೆದಿದ್ದರು.

ದೋಷವನ್ನು ಕಂಡುಹಿಡಿದವಳು ಆಯಿ. ಅವಳು ಚೆಂಡನ್ನು ನೋಡಲೇ ಇಲ್ಲ. ಗೇಟಿನ ಹೊರಗೆ, ನಾನು ಓಡಿ ಬರುತ್ತಿದ್ದ ಗಲ್ಲಿಯ ಸಾರಣೆಯ ಮೇಲೆ ಮೂಡಿದ ನನ್ನ ಹೆಜ್ಜೆಗಳನ್ನು ಬಗ್ಗಿ ನೋಡಿದಳು. ಸೊಂಟದ ಮೇಲೆ ಕೈಯಿಟ್ಟು ನೆಟ್ಟಗಾದಳು.

"ಯವ್ವಾ, ನಿನ್ನಿ ಬಲಗಾಲು ಮೊದಲಿಟ್ಟಿದ್ದಿ, ಇವತ್ತ ಎಡಗಾಲು. ಒಮ್ಮೆ ಏಳು ಹೆಜ್ಜಿ, ಒಮ್ಮೆ ಒಂಬತ್ತು. ನಿನ್ನ ಕಾಲಿಗೇ ಎಲ್ಲಿಗೆ ಹೊಂಟೇನಿ ಅನ್ನೂದು ಗೊತ್ತಿಲ್ಲ, ಪಾಪ ಚೆಂಡಿಗೆ ಹೆಂಗ ಗೊತ್ತಾಗಬೇಕು?"

ಮರುದಿನ ನಾನು ಕಣ್ಣುಜ್ಜಿಕೊಂಡು ಹೊರಗೆ ಬಂದಾಗ ಗಲ್ಲಿಯಿಂದ ಗೇಟಿನವರೆಗೆ ರಂಗೋಲಿಯ ಎಂಟು ಹೆಜ್ಜೆಗಳು ಮೂಡಿದ್ದವು. ಹಬ್ಬದಲ್ಲಿ ಗೌರಿಯನ್ನು ಮನೆಯೊಳಗೆ ಕರೆದುಕೊಳ್ಳಲು ಬರೆಯುತ್ತಾರಲ್ಲ, ಅವೇ ಪುಟ್ಟ ಪಾದಗಳು, ಐದು ಬೆರಳಿನ ಐದು ಚುಕ್ಕೆಗಳ ಸಮೇತ. ಆದರೆ ಹೆಜ್ಜೆಯಿಂದ ಹೆಜ್ಜೆಗೆ ಅಂತರ ಮಾತ್ರ ಓಡುವವರದು. ಆ ಪಾದಗಳ ಮೇಲೆಯೇ ಪಾದವಿಟ್ಟು ನಾನು ಓಡಬೇಕಾಗಿತ್ತು. ಎದುರು ಮನೆಯವರು ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಕೇಳಿಯೇ ಬಿಟ್ಟರು: "ನಿಮ್ಮ ಮನಿಗೆ ಗೌರಿ ದಿನಾ ಬರ್ತಾಳೇನ್ರೀ?"

"ಬರ್ತಾಳ್ರೀ," ಎಂದಳು ಆಯಿ. "ಓಡಿ ಬರ್ತಾಳ."

ಕೈಯ ಪಾಠವೂ ಅವಳದೇ. ಚೆಂಡು ಬಿಡುವಾಗ ನಾನು ನನ್ನ ಕೈಯನ್ನೇ ನೋಡುತ್ತಿದ್ದೆ. ಆಯಿ ನನ್ನನ್ನು ಕೂರಿಸಿ ರಂಗೋಲಿಯ ಚುಕ್ಕೆ ಇಡಿಸಿದಳು. ಬೆರಳನ್ನು ನೋಡುತ್ತ ಇಟ್ಟ ಚುಕ್ಕೆಗಳು ಸಾಲು ತಪ್ಪಿದವು. ಚುಕ್ಕೆ ಬೀಳಬೇಕಾದ ನೆಲವನ್ನು ನೋಡುತ್ತ ಇಟ್ಟಾಗ ಸಾಲು ತಾನಾಗಿ ನೆಟ್ಟಗಾಯಿತು. "ನೋಡಿದ್ಯಾ? ಕೈ ತನ್ನ ಕೆಲಸಾ ತಾ ಮಾಡ್ತೈತಿ. ನೀ ಬೀಳೂ ಜಾಗಾ ನೋಡು," ಎಂದಳು. ಇದಕ್ಕಿಂತ ಹೆಚ್ಚಿನದನ್ನು ಮುಂದೆ ನನಗೆ ಯಾವ ತರಬೇತುದಾರರೂ ಹೇಳಿಕೊಡಲಿಲ್ಲ. ಒಂದು ತಿಂಗಳಿಗೆ ಆವಕದ ಪುಟ ಜಾವಕಕ್ಕೆ ಸಮವಾಯಿತು. ಆಯಿ ಸುತ್ತನ್ನು ತಾಟಿನಿಂದ ಬಟ್ಟಲಿಗೆ ಇಳಿಸಿದಳು, ಆಮೇಲೆ ಚಹದ ಕಪ್ಪಿನ ಬಶಿಗೆ. ಪಾವ್ ಚಾಚಾ ಈಗ ಗಲ್ಲಿಯ ತುದಿಯಲ್ಲಿ ನಿಲ್ಲದೆ ಒಳಗೇ ಬಂದು, ಸ್ಟಂಪಿನ ಪಕ್ಕದಲ್ಲಿ ನಿರ್ಭಯವಾಗಿ ಪಾವ್ ಎಣಿಸಿ ಕೊಡುತ್ತಿದ್ದರು. ಕಾಕಾ ಕೂಡ ಹೊಸ ಕನ್ನಡಿ ಹಾಕಿಸಿದರು. ಆದರೂ ಫರ್ಸಿಯವನನ್ನು ಕರೆಸಿ ಅಂಗಳವನ್ನೊಮ್ಮೆ ತೋರಿಸಿ ಇಟ್ಟಿದ್ದರು.

ಆಯ್ಕೆಯ ದಿನ ಅಜ್ಜನೂ ನಾನೂ ಖಾನಾಪುರದ ಬಸ್ಸು ಹತ್ತಿದೆವು. ಅಜ್ಜನ ಚೀಲದಲ್ಲಿ ರೊಟ್ಟಿ ಬುತ್ತಿ, ಆವಕ-ಜಾವಕ ಪುಸ್ತಕ, ಜೊತೆಗೆ ಸೀರೆ ಮತ್ತು ಪಾವತಿ. ಸೀರೆ ಏಕೆಂದು ಕೇಳಿದ್ದಕ್ಕೆ, "ಅವರ ಪಿಚ್ಚು ಅಳತೀಗೆ ಬರಾಬರಿ ಐತೋ ಇಲ್ಲೋ, ಯಾರಿಗೆ ಗೊತ್ತು?" ಎಂದರು. ಮೈದಾನದ ಅಂಚಿನಲ್ಲಿ ಹುಡುಗಿಯರ ಸಾಲು; ಕನ್ನಡ ಅರ್ಧ, ಮರಾಠಿ ಅರ್ಧ ಬೆರೆತ ಗದ್ದಲ. ಆಯ್ಕೆ ಮಾಡುತ್ತಿದ್ದವರು ಎತ್ತರದ ನಿಲುವಿನ ಪಿ.ಟಿ. ಟೀಚರ್ ಒಬ್ಬರು. ಪ್ರತಿಯೊಬ್ಬರಿಗೂ ಆರು ಚೆಂಡು. ಬ್ಯಾಟು ಹಿಡಿದವಳು ನಂದಗಡದ ಕಡೆಯ ಹುಡುಗಿ, ಮೊಣಕಾಲಿನವರೆಗೆ ಜಡೆ ಬಿಟ್ಟವಳು.

ನಾನು ಕಣ್ಣು ಮುಚ್ಚಿ ಎಂಟು ಪಾದಗಳನ್ನು ನೆನೆದೆ. ಓಡಿದೆ. ಕೈ ತನ್ನ ಕೆಲಸ ಮಾಡಿತು. ಚೆಂಡು ನೆಲಕ್ಕೆ ತಗುಲಿ ಎದ್ದು, ಆ ಹುಡುಗಿಯ ಸೊಂಟದ ಎತ್ತರಕ್ಕೆ ಸಾವಕಾಶವಾಗಿ ಬಂದು ನಿಂತಂತಾಯಿತು. ಅವಳು ಅದನ್ನು ಎತ್ತಿ ಬೇವಿನ ಮರದ ಆಚೆಗೆ ಕಳಿಸಿದಳು. ಎರಡನೆಯದೂ ಅಲ್ಲಿಗೇ. ಮೂರನೆಯದಕ್ಕೆ ಅವಳು ಮೊದಲೇ ತಿರುಗಿ ನಿಂತಿದ್ದಳು. ನಾಲ್ಕಾದ ಮೇಲೆ, "ಅಕ್ಕಾ, ಇಂಥಾವ ಇನ್ನೆರಡು ಕೊಡ, ಭಾಳ ಛಲೋ ಅದಾವ!" ಎಂದು ಕೂಗಿದಳು. ಅಂಚಿನ ಸಾಲು ನಕ್ಕಿತು. ಐದು, ಆರು. ಮೈದಾನ ನನ್ನ ಕಣ್ಣಲ್ಲಿ ಕಲಕಿತು. ಕಲಕಿದ ನೀರಿನ ಆಚೆ ನಮ್ಮ ಅಂಗಳದಲ್ಲಿ ಬೂದು ಬಣ್ಣದ ಫರ್ಸಿಗಳು ಒಂದೊಂದಾಗಿ ಕೂಡುತ್ತಿರುವುದು ಕಂಡಿತು.

ಅಜ್ಜ ಎದ್ದರು. ಚೀಲದಿಂದ ಹಾಳೆ ತೆಗೆದು, ಮೊಣಕಾಲ ಮೇಲಿಟ್ಟು ಅಲ್ಲಿಯೇ ಅರ್ಜಿ ಬರೆದರು. ವಿಷಯ: ಸದರಿ ಮೈದಾನದ ಪಿಚ್ಚು ನಿಗದಿತ ಅಳತೆಗಿಂತ ಹೆಚ್ಚಿಗೆ ಇರುವ ಬಗ್ಗೆ ತಕರಾರು. ಲಗತ್ತು: ಸೀರೆ ಒಂದು, ಪಾವತಿ ಒಂದು. ಟೀಚರ್ ಅರ್ಜಿಯನ್ನು ಕೊನೆಯವರೆಗೆ ಓದಿದರು. ಆಮೇಲೆ ಲಗತ್ತನ್ನು ನೋಡಿದರು.

"ಅಜೋಬಾ, ಇದು ಸೀರಿ ಅದ ಅಲ್ರೀ!"

"ಹೌದ್ರಿ. ಒಂಬತ್ತು ಗಜದ್ದು. ಪಾವತ್ಯಾಗ ಬರದೈತಿ ನೋಡ್ರಿ."

"ಖರೇ. ಆದ್ರ ಎಷ್ಟು ವರ್ಷದ್ದಿದು?"

"ಇಕೀನ ತೊಟ್ಟಲಕ್ಕ ಹಾಕಿದಾಗ ತಂದದ್ದು."

ಟೀಚರ್ ಉದ್ದನೆಯ ಟೇಪು ತರಿಸಿ ಸೀರೆಯನ್ನು ಹುಲ್ಲಿನ ಮೇಲೆ ಹಾಸಿದರು. ಒಂಬತ್ತು ಗಜದ ಸೀರೆ ಎಂಟೂವರೆಗೂ ಸ್ವಲ್ಪ ಕಡಿಮೆಗೆ ಮುಗಿಯಿತು. ಹದಿಮೂರು ವರ್ಷಗಳ ಒಗೆತದಲ್ಲಿ ಸೀರೆ ಕುಗ್ಗಿತ್ತು. ಅದನ್ನು ಹಾಸಿ ಅಳೆದ ನಮ್ಮ ಪಿಚ್ಚು ಸುಮಾರು ನಾಲ್ಕು ಅಡಿ ಗಿಡ್ಡವಾಗಿತ್ತು. ನಾನು ಕಲಿತ ಅಂತರವೆಲ್ಲ ಆ ಗಿಡ್ಡ ಪಿಚ್ಚಿನದು; ಇಲ್ಲಿ ಅದೇ ಚೆಂಡು ಬೀಳಬೇಕಾದ ಜಾಗಕ್ಕಿಂತ ನಾಲ್ಕು ಅಡಿ ಹಿಂದೆಯೇ ಬೀಳುತ್ತಿತ್ತು. ಟೀಚರ್ ಹೊಟ್ಟೆ ಹಿಡಿದುಕೊಂಡು ನಕ್ಕರು: "ಅಗೋಬಾಯಿ! ಹುಡುಗಿ ಬೆಳದಂಗ ಬೆಳದಂಗ ಸೀರಿ ಕುಗ್ಗೇತಿ!"

ಅಜ್ಜ ನಗಲಿಲ್ಲ. ಅರ್ಜಿಯನ್ನು ಮರಳಿ ಕೇಳಿ ಪಡೆದರು. ಕೆಂಪು ಪೆನ್ನು ತೆಗೆದು, ತಮ್ಮದೇ ಅಕ್ಷರಗಳ ಮೇಲೆ ಒಂದು ಉದ್ದನೆಯ ಗೆರೆ ಎಳೆದು, 'ತಪ್ಪು ಅರ್ಜಿದಾರರದು' ಎಂದು ಬರೆದು ಸಹಿ ಹಾಕಿದರು. ಅವರು ತಮ್ಮ ಬರಹವನ್ನು ತಾವೇ ಕೆಂಪಾಗಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆ ಕೆಂಪು ಗೆರೆಯನ್ನು ಕಂಡು ಟೀಚರ್ ನಗು ನಿಲ್ಲಿಸಿದರು. ಪಿಚ್ಚಿನ ಮೇಲೆ ಹೋಗಿ ಬಗ್ಗಿ, ನನ್ನ ಆರು ಚೆಂಡಿನ ಗುರುತುಗಳನ್ನು ಕೈಚಾಚಿ ಅಳೆದರು. ಆರೂ ಒಂದು ರೊಟ್ಟಿಯ ಅಗಲದಲ್ಲಿದ್ದವು.

"ಮುಂಜಾನಿಂದ ಆರು ಚೆಂಡು ಆರು ಕಡೆ ಹಾಕಿದವರನ್ನ ನೋಡಿ ನೋಡಿ ಸಾಕಾತು," ಎಂದರು. "ಆರೂ ಸರ್ತಿ ಒಂದ ತಪ್ಪು ಮಾಡಿದಾಕಿ ಇಕಿ ಒಬ್ಬಾಕಿ. ಇಂಥಾ ತಪ್ಪು ತಿದ್ದಾಕ ಬರ್ತೈತ್ರೀ ಅಜೋಬಾ. ಮತ್ತ ಆರು ಹಾಕಸ್ರಿ."

ಅಜ್ಜ ಬುತ್ತಿಯ ಗಂಟು ಬಿಚ್ಚಿದರು. ರೊಟ್ಟಿಯ ಪಕ್ಕದಲ್ಲಿ ಆಯಿ ಯಾರಿಗೂ ಹೇಳದೆ ಒಂದು ರಂಗೋಲಿ ಪುಡಿಯ ಪೊಟ್ಟಣ ಇಟ್ಟಿದ್ದಳು. ಜನ್ಮದಲ್ಲಿ ರಂಗೋಲಿ ಹಿಡಿಯದ ಅಜ್ಜ ಪಿಚ್ಚಿನ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು, ಹಳೆಯ ಗುರುತುಗಳಿಂದ ನಾಲ್ಕಡಿ ಮುಂದೆ, ಸೊಟ್ಟಸೊಟ್ಟಗೆ ಒಂದು ಸುತ್ತು ಬರೆದರು. ಅದು ಬದನೆಕಾಯಿಯ ಆಕಾರದಲ್ಲಿತ್ತು. ನಾನು ಅದನ್ನೇ ನೋಡುತ್ತ ಓಡಿದೆ. ಮೊದಲನೆಯದು ನೆಲ ಮುಟ್ಟದೆ ಹೋಯಿತು. ಎರಡನೆಯದು ಸುತ್ತಿನ ಹತ್ತಿರ. ಮೂರನೆಯದು ಬಿದ್ದಾಗ ಬಿಳಿ ಪುಡಿ ಎದ್ದು ಜಡೆಯ ಹುಡುಗಿಯ ಬೂಟಿನ ಮೇಲೆ ಕುಳಿತಿತು. ಅವಳು ಬ್ಯಾಟನ್ನು ಸುಮ್ಮನೆ ನೆಲಕ್ಕೆ ಊರಿದಳು. ನಾಲ್ಕು, ಐದು, ಅಲ್ಲಿಗೇ. ಆರನೆಯದು ಅವಳ ಬ್ಯಾಟಿನ ಕೆಳಗೆ ನುಸುಳಿ ಸ್ಟಂಪಿಗೆ ತಗುಲಿತು. "ಇದು ಛಲೋ ಇಲ್ಲ ಬಿಡ," ಎಂದು ಅವಳು ನಗುತ್ತ ನನ್ನ ಕೈ ಕುಲುಕಿದಳು. ಪಟ್ಟಿಯಲ್ಲಿ ನನ್ನ ಹೆಸರು ಕೊನೆಯಿಂದ ಎರಡನೆಯದು. ಅಜ್ಜ ಅದನ್ನು ಮೂರು ಸಲ ಓದಿ, ಹೆಸರಿನಲ್ಲಿದ್ದ ಒಂದು ಕಾಗುಣಿತ ದೋಷವನ್ನು ಟೀಚರಿಂದ ತಿದ್ದಿಸಿಯೇ ಬಸ್ಸು ಹತ್ತಿದರು.

ಮನೆಯಲ್ಲಿ ಎಲ್ಲವನ್ನೂ ಕೇಳಿದ ಆಯಿ ನೇರವಾಗಿ ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮುಂದೆ ನಿಂತಳು. "ಸೀರಿ ಕುಗ್ಗಿಸಿದ್ದು ಇದ ನೋಡ್ರಿ, ಈ ಕಲ್ಲು. ಈಗ ಪಿಚ್ಚಿಗೂ ಅಡ್ಡ ಕುಂತೈತಿ." ನಿಜ, ಸರಿಯಾದ ಇಪ್ಪತ್ತೆರಡು ಗಜಕ್ಕೆ ಆ ಕಲ್ಲು ಸರಿಯಲೇಬೇಕಾಗಿತ್ತು. ಯಾರೂ ಅರ್ಜಿ ಕೊಡಲಿಲ್ಲ. ಕಾಕಾ ತಾವಾಗಿಯೇ ಪ್ಯಾಂಟು ಮಡಿಚಿ, ಹಾರೆ ತಂದು, ಬೆವರು ಸುರಿಸುತ್ತ ಆ ಕಲ್ಲನ್ನು ಮೀಟಿ ಗೋಡೆಯ ಮೂಲೆಗೆ ಉರುಳಿಸಿದರು. "ಫರ್ಸಿಯವಗ ಏನ ಹೇಳ್ಲಿ ಈಗ?" ಎಂದು ಅವರು ಕೇಳಿದಾಗ ಆಯಿ, "ಗೌರಿ ಬಂದು ಕುಂತಾಳ, ಹೋಗಿಲ್ಲ ಅಂತ ಹೇಳು," ಎಂದಳು.

ಆನಂತರದ ವಿವರಗಳನ್ನು ಸಂಕ್ಷಿಪ್ತವಾಗಿ ಸಲ್ಲಿಸುತ್ತೇನೆ. ನಾನು ಜಿಲ್ಲೆಗೆ ಮೂರು ವರ್ಷ, ಕಾಲೇಜಿಗೆ ಎರಡು ವರ್ಷ ಆಡಿದೆ; ದೊಡ್ಡ ಹೆಸರೇನೂ ಮಾಡಲಿಲ್ಲ. ನನ್ನ ಚೆಂಡು ವೈಡ್ ಹೋಗುವುದಿಲ್ಲ ಎಂಬ ಮಾತು ಮಾತ್ರ ಉಳಿಯಿತು. ಅಜ್ಜ ಹೋದ ಎರಡನೆಯ ವರ್ಷಕ್ಕೆ ಆಯಿಯೂ ಹೋದಳು. ಕೊನೆಯ ದಿನದವರೆಗೆ ಗೇಟಿನ ಮುಂದೆ ಸಾರಿಸಿದ್ದಳು. ಮನೆಯವರೆಲ್ಲ ಕೂಡಿ ಮಾತಾಡಿಕೊಂಡು ಜಾಗವನ್ನು ಬಿಟ್ಟುಕೊಟ್ಟೆವು. ಯಾರ ಮೇಲೆ ಯಾರಿಗೂ ಮುನಿಸಿಲ್ಲ. ಈಗ ಅಲ್ಲಿ ನಾಲ್ಕು ಅಂತಸ್ತಿನ ಕಟ್ಟಡವಿದೆ. ಗೇಟಿನಿಂದ ಹಿತ್ತಲಿನವರೆಗೆ, ಗೋಡೆಯಿಂದ ಗೋಡೆಗೆ, ನುಣುಪಾದ ಫರ್ಸಿಯ ಮೇಲೆ ವಾಹನಗಳು ಸಾಲಾಗಿ ನಿಂತಿರುತ್ತವೆ. ಕಚೇರಿಯಿಂದ ಬರುವಾಗ ಒಮ್ಮೊಮ್ಮೆ ಆ ಗಲ್ಲಿಯಲ್ಲಿ, ನಾನು ಓಟ ಶುರುಮಾಡುತ್ತಿದ್ದ ಜಾಗದಲ್ಲಿ ನಿಲ್ಲುತ್ತೇನೆ. ಯಾರೂ ನೋಡದಿದ್ದಾಗ ಬಲಗಾಲು ಮೊದಲಿಟ್ಟು ಎಂಟು ಉದ್ದನೆಯ ಹೆಜ್ಜೆ ಹಾಕುತ್ತೇನೆ. ಎಂಟಕ್ಕೆ ಸರಿಯಾಗಿ ಗೇಟು ಬರುತ್ತದೆ. ಕಾವಲಿನವನು ಯಾರು ಬೇಕೆಂದು ಕೇಳುತ್ತಾನೆ. ಯಾರೂ ಇಲ್ಲವೆಂದು ಹೇಳಿ ಹಿಂತಿರುಗುತ್ತೇನೆ.

ಭಾನುವಾರ ಸೀರೆಯನ್ನು ನನ್ನ ಮನೆಯ ಬಾಗಿಲಿನಿಂದ ಹಾಸಿ ನೋಡಿದೆ. ಅರ್ಧ ಸೀರೆಗೇ ಮನೆ ಮುಗಿಯಿತು. ಇಡೀ ಸೀರೆಯನ್ನು ಮತ್ತೆ ಮಡಿಚಿ, ಬಿಳಿ ದಾರ ಮೇಲೆ ಬರುವ ಹಾಗೆ ಟ್ರಂಕಿನಲ್ಲಿಟ್ಟು, ಈ ಬರಹಕ್ಕೆ ಕುಳಿತೆ. ಬರೆಯುವಾಗ ಪ್ರತಿ ಪುಟದ ಬಲಬದಿಗೆ ಎರಡು ಬೆರಳಿನಷ್ಟು ಜಾಗ ಬಿಟ್ಟಿದ್ದೇನೆ. ಕೆಂಪು ಶಾಯಿಗೆಂದು ಅಷ್ಟು ಜಾಗ ಬಿಡಬೇಕೆಂಬುದು ನಮ್ಮ ಮನೆಯ ನಿಯಮ. ಬಿಟ್ಟ ಜಾಗ ಬಿಟ್ಟಂತೆಯೇ ಇದೆ. ನನ್ನ ತಪ್ಪುಗಳು ಮೊದಲಿನಿಂದಲೂ ಒಂದೇ ಕಡೆ ಬೀಳುವಂಥವು. ಹುಡುಕಲು ತಮಗೆ ಹೆಚ್ಚು ಶ್ರಮವಾಗಲಿಕ್ಕಿಲ್ಲ. ಆದಕಾರಣ, ಕಂಡಲ್ಲಿ ದಯವಿಟ್ಟು ತಿದ್ದಬೇಕು, ಸಾಧ್ಯವಾದರೆ ಕೆಂಪು ಶಾಯಿಯಲ್ಲಿಯೇ ತಿದ್ದಬೇಕು ಎಂದು ಪ್ರಾರ್ಥನೆ.